ಕ್ಯಾಚ್ ಹಿಡಿದ ಮೇಲೆ

ಶ್ವೇತಾ ಮಾತು ಬಿಟ್ಟು ಹದಿನೇಳು ದಿನವಾಗಿತ್ತು. ಹಲಗೇರಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ಎರಡು ವರ್ಷ ಒಂದೇ ಸೀಟಿನಲ್ಲಿ ಕುಳಿತು ಹೋದವಳು, ಈಗ ಬಸ್ಸು ಹತ್ತಿದ ಕೂಡಲೇ ಸುಮಯ್ಯಾಳನ್ನು ದಾಟಿ ಹಿಂದಿನ ಸೀಟಿಗೆ ಹೋಗುತ್ತಿದ್ದಳು.

ತಪ್ಪು ಸುಮಯ್ಯಾಳದೇ, ಅದರಲ್ಲಿ ಎರಡು ಮಾತಿಲ್ಲ. ಬ್ಯಾಡಗಿಯಲ್ಲಿ ಕಾಲೇಜು ತಂಡದ ಬೇಸ್‌ಬಾಲ್ ಮ್ಯಾಚಿನಲ್ಲಿ ಎತ್ತರಕ್ಕೆ ಹಾರಿ ಬಂದ ಚೆಂಡನ್ನು ಚೆಂದಾಗಿಯೇ ಹಿಡಿದಳು. ಅಣ್ಣ ನಯಾಜನ ಜೊತೆ ಕಣದಲ್ಲಿ ಕ್ರಿಕೆಟ್ ಆಡಿ ಬೆಳೆದ ಪುಣ್ಯಾತ್ಗಿತ್ತಿ, ಹಿಡಿದದ್ದೇ ಚೆಂಡನ್ನು ಮೇಲೆ ತೂರಿ ಕುಣಿದಳು. ಕ್ರಿಕೆಟ್ಟಿನಲ್ಲಿ ಕ್ಯಾಚಾದರೆ ಅಲ್ಲಿಗೆ ಮುಗಿಯಿತು. ಬೇಸ್‌ಬಾಲಿನಲ್ಲಿ ಹಾಗಲ್ಲ, ಹೊಡೆದವಳು ಔಟಾದರೂ, ರನ್ನಿಗೆ ಮುಂಚಿನ ಕೊನೆಯ ನಿಲುಗಡೆಯಾದ ಮೂರನೇ ಬೇಸಿನಲ್ಲಿ ಕಾದು ನಿಂತವಳು ಓಡಿ ರನ್ ತೆಗೆಯಬಹುದು. ಅವಳು ಓಡಿದಳು. ಆ ಒಂದು ರನ್ನಿಗೇ ಮ್ಯಾಚು ಹೋಯಿತು. ಎರಡು ತಾಸು ಬಿಸಿಲಲ್ಲಿ ನಿಂತು ಚೆಂಡೆಸೆದ ಶ್ವೇತಾಳ ದುಡಿಮೆ ನೀರುಪಾಲಾಯಿತು.

ಅಂದಿನಿಂದ ಕೋಚ್ ಮಾಲತೇಶಪ್ಪ ಸರ್ ದಿನಾ ಸಂಜೆ ಸುಮಯ್ಯಾಳೊಬ್ಬಳಿಗೇ ಅರವತ್ತು ಚೆಂಡು ಹೊಡೆದರು.

"ಚೆಂಡಿನ ಕೆಳಗ ಹೋಗಿ ನಿಂದರಬ್ಯಾಡವಾ. ಎರಡು ಹೆಜ್ಜಿ ಹಿಂದ ನಿಂದ್ರು, ಮುಂದ ಬರ್ತಾ ಹಿಡಿ. ಆ ಓಟದಾಗ ಒಗದಬಿಡು. ಖುಷಿ ಆಮ್ಯಾಲ ಪಡಾಕ ಬರ್ತೈತಿ!"

ಸುಮಯ್ಯಾಳ ಭುಜ ಬಾತುಕೊಂಡಿತು. ರೊಟ್ಟಿ ಬಡಿಯುವಾಗಲೂ ಹಿಟ್ಟಿನ ಉಂಡೆ ಹಿಡಿದು ಒಗೆಯುವ ಹಾಗೆ ಕೈ ಎತ್ತುತ್ತಿದ್ದಳು. ತಾಯಿ ರೋಷನಬಿ ಬೈದು ಹಿಟ್ಟನ್ನೇ ಕಸಿದುಕೊಂಡಳು.

೨೦೦೬ರ ಡಿಸೆಂಬರಿನಲ್ಲಿ ಹಾವೇರಿಯ ಮ್ಯಾಚು ಬಂತು. ಕೊನೆಯ ಸರದಿ. ಇವರು ಒಂದೇ ಒಂದು ರನ್ ಮುಂದೆ. ಎದುರಿನವರಲ್ಲಿ ಇಬ್ಬರು ಔಟು, ಮೂರನೆಯವಳು ಔಟಾದರೆ ಆಟ ಮುಗಿಯಿತು. ಆದರೆ ಮೂರನೇ ಬೇಸಿನಲ್ಲಿ ಒಬ್ಬಳು ಓಡಲು ತಯಾರಾಗಿ ನಿಂತಿದ್ದಳು. ಸುಮಯ್ಯಾಗೆ ಕಂಡದ್ದು ಅವಳೊಬ್ಬಳೇ. ಯಾ ಅಲ್ಲಾ, ಚೆಂಡು ನನ್ನ ಕಡೆ ಬರದಿರಲಿ ಎಂದು ಬೇಡಿಕೊಂಡಳು.

ಚೆಂಡು ಅವಳ ಕಡೆಗೇ ಬಂತು. ಎರಡು ಹೆಜ್ಜೆ ಹಿಂದೆ ನಿಂತಳು, ಮುಂದೆ ಓಡಿದಳು, ಹಿಡಿದಳು. ಮೈದಾನದ ತುಂಬ ಕೂಗೆದ್ದಿತು. ಆ ಕೂಗು ಕೇಳಿ ಸುಮಯ್ಯಾಗೆ ಬ್ಯಾಡಗಿಯ ಮ್ಯಾಚೇ ಕಣ್ಣಮುಂದೆ ಬಂತು. ಓಡಿದಳು, ಮೂರನೇ ಬೇಸಿನವಳು ಮತ್ತೆ ಓಡಿದಳು! ಸುಮಯ್ಯಾ ಇದ್ದ ಬಲವನ್ನೆಲ್ಲ ಹಾಕಿ ಒಗೆದಳು. ಚೆಂಡು ಶ್ವೇತಾಳ ಕಿವಿಯ ಪಕ್ಕದಲ್ಲೇ ಹಾರಿ, ತಟ್ಟನೆ ಕೆಳಗೆ ಕೂತು ಬಚಾವಾದ ಅಂಪೈರನ್ನು ದಾಟಿ, ನೀರಿನ ಕೊಡಕ್ಕೆ ಬಡಿಯಿತು.

ಎಲ್ಲರೂ ಅವಳತ್ತ ತಿರುಗಿದರು. ಈ ಸಲ ಏನು ತಪ್ಪು ಮಾಡಿದೆನೋ ಎಂದು ಸುಮಯ್ಯಾ ಸುತ್ತ ನೋಡಿದಳು. ಶ್ವೇತಾ ಅವಳತ್ತಲೇ ಓಡಿ ಬರುತ್ತಿದ್ದಳು. ಸುಮಯ್ಯಾ ಒಂದು ಹೆಜ್ಜೆ ಹಿಂದೆ ಸರಿದಳು.

"ನೀ ಹಿಡದಿದ್ದಕ್ಕ ಮೂರನೇ ಔಟ್ ಆತಲ್ಲ, ಹುಚ್ಚಿ! ಮ್ಯಾಚ್ ಮುಗದೈತಿ. ಯಾರನ್ನ ಕೊಲ್ಲಾಕ ಒಗದಿ?"

ಗೆದ್ದೆವಾ ಎಂದು ಸುಮಯ್ಯಾ ಕೇಳಲೇ ಇಲ್ಲ.

"ಮಾತಾಡಿದ್ಯಲ್ಲ," ಎಂದವಳೇ ಅತ್ತುಬಿಟ್ಟಳು.