ಟ್ರಂಕು ತೆಗೆದ ಶುಕ್ರವಾರ

ಫರ್ಹೀನಳ ಮೊದಲ ಹೆರಿಗೆ ಗುಂಡ್ಲುಪೇಟೆಯ ತವರಿನಲ್ಲೇ ಆಗಬೇಕೆಂದು ಎಲ್ಲರೂ ಅಂದುಕೊಂಡಿದ್ದೆವು. ಏಳನೆಯ ತಿಂಗಳಲ್ಲಿ ಅವಳ ರಕ್ತದೊತ್ತಡ ಏರಿತು. ವಿಮಾನ ಹತ್ತಕೂಡದು ಎಂದು ಕೊಲಂಬೋದ ಡಾಕ್ಟರು ಹೇಳಿದರು. ಮಗಳು ಬರುವ ಹಾಗಿಲ್ಲ ಅಂದರೆ ತಾನೇ ಹೋಗುವುದು ಎಂದು ಅವಳ ತಾಯಿ ಕುಲ್ಸುಂ ಬಿ ಆ ದಿನವೇ ತೀರ್ಮಾನಿಸಿದರು.

ಫರ್ಹೀನ್ ಮತ್ತು ನಾನು ಒಂದನೇ ತರಗತಿಯಿಂದ ಬಿ.ಎಸ್ಸಿ. ಮುಗಿಯುವವರೆಗೆ ಒಂದೇ ಬೆಂಚು. ಅವಳ ತಾಯಿಯನ್ನು ಅವರ ಅಕ್ಕನ ಮಕ್ಕಳು ಕರೆಯುವಂತೆ ನಾನೂ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಅವಳ ತಂದೆ ಅಬ್ದುಲ್ ರಹೀಂ ಅವರದು ಹಾಸಿಗೆ, ದಿಂಬು ಹೊಲಿಯುವ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮದುವೆಯಾದ ಮೇಲೆ ಫರ್ಹೀನ್ ಕೊಲಂಬೋಗೆ ಹೋದಳು. ಅವಳ ಗಂಡ ಉಮೈರ್ ಮೈಸೂರಿನವನು, ಅಲ್ಲಿ ತನ್ನ ಸೋದರಮಾವನ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದ. ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಲ್ಯಾಬಿಗೆ ಸೇರಿ, ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ದಿನವೂ ಹೋಗಿ ಬರುತ್ತಿದ್ದೆ.

ಅದು ಎರಡು ಸಾವಿರದ ಹನ್ನೆರಡು. ಆ ಜನವರಿಯಿಂದ ಶ್ರೀಲಂಕಾಕ್ಕೆ ಹೋಗುವವರು ಹೊರಡುವ ಮೊದಲೇ ಇಂಟರ್‌ನೆಟ್‌ನಲ್ಲಿ ಅರ್ಜಿ ಹಾಕಿ ಅನುಮತಿ ಪಡೆಯಬೇಕು ಎಂಬ ನಿಯಮ ಬಂದಿತ್ತು. ಇ.ಟಿ.ಎ. ಎಂದು ಅದಕ್ಕೆ ಹೆಸರು. ಅಲ್ಲಿಂದಲೇ ತಾನು ಹಾಕುತ್ತೇನೆ ಎಂದು ಉಮೈರ್ ಅಂದನಂತೆ. ಬೇಡ, ಸ್ಪಂದನಾ ಹಾಕಲಿ, ಅವಳು ಒಂದು ಅಂಕಿಯನ್ನು ಮೂರು ಸಲ ನೋಡುವವಳು ಎಂದಳಂತೆ ಫರ್ಹೀನ್. ನನಗೆ ಹೆಮ್ಮೆಯಾಯಿತು ಎಂಬುದನ್ನು ಇಲ್ಲಿ ಬರೆಯಲೇಬೇಕು.

ನಾನು ಅರ್ಜಿಯ ಪುಟಗಳನ್ನು ಲ್ಯಾಬಿನ ಪ್ರಿಂಟರಿನಲ್ಲಿ ತೆಗೆದುಕೊಂಡು ಒಂದು ಭಾನುವಾರ ಅವರ ಮನೆಗೆ ಹೋದೆ. ಮೊದಲು ಪೆನ್ಸಿಲಿನಲ್ಲಿ ಎಲ್ಲವನ್ನೂ ತುಂಬಿಸಿಕೊಂಡು, ಆಮೇಲೆ ಕಂಪ್ಯೂಟರಿನ ಮುಂದೆ ಕೂರುವುದು ನನ್ನ ಕ್ರಮ. ಖಾಲಾ ಚಾಪೆಯ ಮೇಲೆ ಕೂತು ಉತ್ತರ ಹೇಳುತ್ತಿದ್ದರು. ಹುಟ್ಟಿದ ಊರು, ಉದ್ಯೋಗ, ಅಲ್ಲಿ ಇಳಿದುಕೊಳ್ಳುವ ವಿಳಾಸ, ಎಷ್ಟು ದಿನ ಇರುತ್ತೀರಿ, ಯಾಕೆ ಬರುತ್ತೀರಿ. ಹತ್ತಿ ಬಿಡಿಸುತ್ತಿದ್ದ ರಹೀಂ ಸಾಹೇಬರು ತಲೆ ಎತ್ತದೆಯೇ ನಕ್ಕರು.

"ನಮ್ ಫರ್ಹೀನ್ನ ನೋಡಾಕ್ ಬಂದ ಗಂಡಿನ್ ಕಡೆಯವ್ರೂ ಇಷ್ಟು ಕೇಳ್ನಿಲ್ಲ ಕಣಮ್ಮಿ."

ಪಾಸ್‌ಪೋರ್ಟಿನ ನಂಬರಿನ ಜಾಗಕ್ಕೆ ಬಂದಾಗ ಖಾಲಾ ತಡೆದರು. ಪಾಸ್‌ಪೋರ್ಟ್ ಇದೆ, ಹಜ್ಜಿಗೆ ಹೋದದ್ದು ಅದರಲ್ಲೇ, ಆದರೆ ಟ್ರಂಕಿನಲ್ಲಿದೆ ಅಂದರು. ಐದು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರೂ ಹಜ್ಜಿಗೆ ಹೋಗಿ ಬಂದಿದ್ದರು. ಬರುವಾಗ ತಮ್ಮಿಬ್ಬರಿಗೂ ಸತ್ತಾಗ ಹೊದಿಸುವ ಕಫನ್ನಿನ ಬಟ್ಟೆಯನ್ನು ಮಕ್ಕಾದ ಜಂಜಂ ನೀರಿನಲ್ಲಿ ಅದ್ದಿ, ಒಣಗಿಸಿ ತಂದಿದ್ದರು. ಹಾಗೆ ತಂದು, ತಮ್ಮ ಕೊನೆಯ ದಿನಕ್ಕೆಂದು ಎತ್ತಿಡುವುದು ಆ ಬೀದಿಯ ಎಷ್ಟೋ ಮನೆಗಳಲ್ಲಿ ಇದೆ. ಯಾತ್ರೆಯ ಕಾಗದಪತ್ರಗಳೆಲ್ಲ ಆ ಬಟ್ಟೆಯ ಜೊತೆಗೇ ಟ್ರಂಕಿನಲ್ಲಿದ್ದವು. ಮಗಳು ತುಂಬಿದ ಬಸುರಿಯಾಗಿರುವಾಗ ಕಫನ್ ಇರುವ ಪೆಟ್ಟಿಗೆ ತೆರೆಯಲು ಖಾಲಾಗೆ ಮನಸ್ಸಿರಲಿಲ್ಲ. ಹೊರಡುವ ವಾರದಲ್ಲಿ, ಶುಕ್ರವಾರದ ನಮಾಜು ಮುಗಿದ ಮೇಲೆ, ದುವಾ ಓದಿ ಒಂದೇ ಸಲ ತೆಗೆಯುತ್ತೇನೆ, ಅಷ್ಟರಲ್ಲಿ ತಡವಾಗುತ್ತದೆಯೇ ಎಂದು ಕೇಳಿದರು.

ಆಗುವುದಿಲ್ಲ ಅಂದೆ. ಅನುಮತಿ ಒಂದು ದಿನದಲ್ಲಿ ಬರುತ್ತದೆ ಎಂದು ಓದಿಕೊಂಡಿದ್ದೆ. ಲ್ಯಾಬಿನಲ್ಲಿ ಚೀಟಿ ಅಂಟಿಸಿರುವ ಸೀಸೆಯನ್ನು ಕೂಡ ತೆರೆದು ನೋಡದೆ ಬಳಸದವಳು ನಾನು. ಆ ಟ್ರಂಕಿನ ವಿಷಯದಲ್ಲಿ ಮಾತ್ರ ಅವರ ಮಾತನ್ನೇ ನಂಬಿ, ನಂಬರಿನ ಜಾಗವನ್ನು ಖಾಲಿ ಬಿಟ್ಟು ಎದ್ದೆ. ಅಂದು ಸಂಜೆ ಫರ್ಹೀನಳಿಗೆ ಫೋನ್ ಮಾಡಿ, ಎಲ್ಲ ಆಯಿತು ಅಂತಲೇ ಇಟ್ಟುಕೋ ಅಂದೆ. ಉಮೈರ್ ಮುಂದಿನ ತಿಂಗಳ ಒಂದು ಮಂಗಳವಾರಕ್ಕೆ ಬೆಂಗಳೂರಿನಿಂದ ಟಿಕೆಟ್ ಮಾಡಿಸಿದ.

ಆ ಮಂಗಳವಾರದ ಹಿಂದಿನ ಶುಕ್ರವಾರ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಹೋಗುವ ಹೊತ್ತಿಗೆ ಫರ್ಹೀನಳ ಫೋನು ಬಂದು ಹೋಗಿತ್ತು. ಒತ್ತಡ ಮತ್ತೆ ಏರಿರುವುದರಿಂದ ಡಾಕ್ಟರು ಇನ್ನು ಕಾಯದೆ ಸೋಮವಾರ ಆಪರೇಷನ್ ಮಾಡುತ್ತಾರೆ ಎಂದಿದ್ದಳು. ತಾಯಿ ತಲುಪುವುದು ಅದರ ಮಾರನೆಯ ದಿನ. ಖಾಲಾ ಸ್ವಲ್ಪ ಪೆಚ್ಚಾಗಿದ್ದರು. ಆದರೂ ಬಾಣಂತನಕ್ಕಾದರೂ ಇರುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದರು.

ರಹೀಂ ಸಾಹೇಬರು ಮಸೀದಿಯಿಂದ ಬಂದ ಮೇಲೆ ಟ್ರಂಕು ತೆಗೆದರು. ಖಾಲಾ ಬಿಳಿ ಬಟ್ಟೆಯ ಎರಡು ಮಡಿಕೆಗಳನ್ನು ನೋಡದ ಹಾಗೆ ಪಕ್ಕಕ್ಕಿಟ್ಟು, ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಕೈಗೆ ಕೊಟ್ಟರು. ಒಳಗೆ ಎರಡು ತೆಳು ಪುಸ್ತಕಗಳಿದ್ದವು. ಮೇಲಿನದರಲ್ಲಿ ಖಾಲಾರ ಫೋಟೋ, ಹೆಸರು, ಎರಡು ದೇಶಗಳ ಮೊಹರು ಎಲ್ಲವೂ ಇದ್ದವು. ಮೊದಲ ಪುಟದ ಇಂಗ್ಲಿಷನ್ನು ನಾನು ಎರಡು ಸಲ ಓದಿದೆ. ಮೂರನೆಯ ಸಲ ಓದುವ ಅಗತ್ಯವಿರಲಿಲ್ಲ. ಅದು ಪಾಸ್‌ಪೋರ್ಟ್ ಆಗಿರಲಿಲ್ಲ. ಆಗೆಲ್ಲ ಹಜ್ ಯಾತ್ರಿಕರಿಗೆಂದೇ ಕೊಡುತ್ತಿದ್ದ ಪಾಸು ಅದು. ಸೌದಿ ಅರೇಬಿಯಾಕ್ಕೆ ಮಾತ್ರ, ಆ ಒಂದು ಯಾತ್ರೆಗೆ ಮಾತ್ರ. ಅವಧಿ ಮುಗಿದು ನಾಲ್ಕು ವರ್ಷವಾಗಿತ್ತು.

ಹೇಗೆ ಹೇಳಬೇಕೆಂದು ತಿಳಿಯದೆ ಇದ್ದ ಹಾಗೇ ಹೇಳಿದೆ. ರಹೀಂ ಸಾಹೇಬರು ತಮ್ಮ ಪುಸ್ತಕವನ್ನೂ ತೆಗೆದು ತೋರಿಸಿದರು. ಅದೂ ಅದೇ. ಇದನ್ನು ತೋರಿಸಿಯೇ ವಿಮಾನ ಹತ್ತಿದ್ದು, ಇದನ್ನು ತೋರಿಸಿಯೇ ಇಳಿದದ್ದು, ಯಾರೂ ಇದು ಪಾಸ್‌ಪೋರ್ಟ್ ಅಲ್ಲ ಅನ್ನಲಿಲ್ಲವಲ್ಲ ಎಂದು ನನ್ನನ್ನೇ ಕೇಳಿದರು. ಖಾಲಾ ಪುಸ್ತಕವನ್ನು ನನ್ನಿಂದ ಇಸಿದುಕೊಂಡು ತಮ್ಮ ಫೋಟೋ ನೋಡಿದರು.

"ಅಲ್ಲಾನ ಮನೆ ತಂಕ ಬುಟ್ಟ ಪುಸ್ತಕ, ಮಗಳ ಮನೆಗೆ ಬುಡಾಕಿಲ್ವಾ?"

ನಾನು ಎದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ, ಆಗುವುದಿಲ್ಲವೆಂದು ಗೊತ್ತಿದ್ದೂ ಅರ್ಜಿಯನ್ನು ತೆರೆದು ಕೂತೆ. ಹೆಸರು, ಊರು, ಕೊಲಂಬೋದ ವಿಳಾಸ ಎಲ್ಲ ಒಪ್ಪಿಕೊಂಡಿತು. ಅವಧಿ ಮುಗಿಯುವ ದಿನಾಂಕದ ಜಾಗದಲ್ಲಿ ಆರಿಸಿಕೊಳ್ಳಲು ಬರೀ ಮುಂದಿನ ವರ್ಷಗಳಿದ್ದವು. ಹಿಂದಿನ ಯಾವ ವರ್ಷವೂ ಇರಲಿಲ್ಲ.

ಹೊಸ ಪಾಸ್‌ಪೋರ್ಟಿಗೆ ಮೈಸೂರಿಗೆ ಹೋಗಬೇಕು, ಎಷ್ಟೇ ಅವಸರ ಮಾಡಿದರೂ ವಾರಗಳ ಕೆಲಸ ಎಂದು ವಾಪಸು ಬಂದು ಹೇಳಿದೆ. ಖಾಲಾ ಅಷ್ಟು ಹೊತ್ತಿಗೆ ಅಳು ಮುಗಿಸಿ ಮುಖ ತೊಳೆದಿದ್ದರು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು.

"ಅವ್ಳ್ಗೆ ಈಗ್ಲೇ ಹೇಳ್ಬ್ಯಾಡ ಕಣಮ್ಮಿ. ಅಮ್ಮಿ ಬತ್ತಾವ್ಳೆ ಅಂತ ಧೈರ್ಯವಾಗ್ ಇರ್ಲಿ. ಸೋಮವಾರ ಆಪ್ರೇಸನ್ ಆಗೋಗ್ಲಿ, ಆಮ್ಯಾಕ್ ನಾನೇ ಹೇಳ್ತೀನಿ."

ಉಮೈರನಿಗೂ ಬೇಡ, ಅವನ ಮುಖ ನೋಡಿಯೇ ಅವಳು ಕಂಡುಹಿಡಿಯುತ್ತಾಳೆ ಅಂದರು. ಮೂರು ದಿನದ ಮಾತು. ನಾನು ಒಪ್ಪಿದೆ.

ಭಾನುವಾರ ಮಧ್ಯಾಹ್ನ ಫರ್ಹೀನ್ ನನಗೆ ಫೋನ್ ಮಾಡಿದಳು. ದನಿಯಲ್ಲಿ ಗೆಲುವಿತ್ತು. ಅಮ್ಮಿ ಏನೇನು ಕಟ್ಟಿಕೊಂಡಿದ್ದಾರೆ, ಅಂಟಿನುಂಡೆ ಮಾಡಿದ್ದಾರಾ ಎಂದು ಕೇಳಿದಳು. ಮಾಡಿದ್ದಾರೆ ಅಂದೆ. ಅದು ಸುಳ್ಳಲ್ಲ, ಖಾಲಾ ಆ ವಾರವೆಲ್ಲ ಅದೇ ಮಾಡಿದ್ದರು. ಆಮೇಲೆ ಅವಳು ನಗುತ್ತಾ ಒಂದು ಗುಟ್ಟು ಹೇಳುತ್ತೇನೆ ಅಂದಳು.

"ಡಾಕ್ಟ್ರತ್ರ ಜಗಳ ಆಡಿ ಬುಧವಾರಕ್ಕೆ ಮಾಡಿಸ್ಕೊಂಡೆ ಕಣೆ. ಎರಡು ದಿನ ಪರವಾಗಿಲ್ಲ, ದಿನಾ ಬಂದು ತೋರಿಸ್ಕೊಂಡ್ ಹೋಗು ಅಂದ್ರು. ಕಣ್ಣು ಬಿಟ್ಟಾಗ ಅಮ್ಮಿ ಇರ್ಬೇಕು ನನಗೆ."

ನಾನು ಆಗಲೇ ಹೇಳಬೇಕಿತ್ತು. ಹೇಳಲು ಬೇಕಾಗಿದ್ದುದು ಒಂದೇ ವಾಕ್ಯ. ಅದು ನಾಲಿಗೆಯವರೆಗೆ ಬಂದಿತ್ತು. ಅವಳು ಅಷ್ಟು ಖುಷಿಯಿಂದ ಮಾತಾಡಿ ತಿಂಗಳುಗಳೇ ಆಗಿದ್ದವು. ಡಾಕ್ಟರೇ ಒಪ್ಪಿದ್ದಾರಲ್ಲ, ಎರಡು ದಿನದಲ್ಲಿ ಏನಾದೀತು, ನಾಳೆ ಖಾಲಾರನ್ನು ಕೇಳಿಕೊಂಡು ಹೇಳಿದರಾಯಿತು ಎಂದು ಲೆಕ್ಕ ಹಾಕಿದೆ. "ಹುಷಾರಾಗಿರು" ಅಂದೆ. ಹುಚ್ಚಿ, ನಾನೇನು ಗೋಪಾಲಸ್ವಾಮಿ ಬೆಟ್ಟ ಹತ್ತುತ್ತಿದ್ದೇನಾ ಎಂದು ಬೈದು ಫೋನಿಟ್ಟಳು.

ಸೋಮವಾರ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ ಇತ್ತು. ಸಂಜೆ ಹೋದಾಗ ಖಾಲಾ ಮಗಳ ಆಪರೇಷನ್ ಆಗಿರಬೇಕೆಂದುಕೊಂಡು ನಮಾಜಿನ ಚಾಪೆಯ ಮೇಲೇ ಇದ್ದರು. ಆಗಿಲ್ಲ, ಬುಧವಾರಕ್ಕೆ ಹೋಗಿದೆ, ನಿಮಗಾಗಿ ಅವಳೇ ಮುಂದಕ್ಕೆ ಹಾಕಿಸಿಕೊಂಡಿದ್ದಾಳೆ ಎಂದೆ. ಅವರು ಚಾಪೆ ಮಡಿಸಿ ಎದ್ದರು. ಆಮೇಲೆ ಫೋನ್ ಮಾಡಿಕೊಡು ಅಂದರು. ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ನಾಲ್ಕನೆಯ ಸಲ ಉಮೈರ್ ಎತ್ತಿದ. ಅವರು ಆಸ್ಪತ್ರೆಯಲ್ಲಿದ್ದರು. ಬೆಳಿಗ್ಗೆಯಿಂದ ಮಗು ಅಲುಗಾಡುತ್ತಿಲ್ಲವೆಂದು ಮಧ್ಯಾಹ್ನ ಅವಳೇ ಹೇಳಿದಳಂತೆ. ಕರೆದುಕೊಂಡು ಬಂದು ನೋಡಿದರೆ ಎದೆಬಡಿತ ಸಿಗುತ್ತಿಲ್ಲ ಎಂದ. ಒಳಗೆ ಕರೆದುಕೊಂಡು ಹೋಗಿದ್ದಾರೆ ಎಂದ. ಅಮ್ಮಿಯನ್ನು ನಾಳೆ ಬೇಗ ಹೊರಡಿಸಿ ಎಂದು ಅತ್ತ.

ಹೆಣ್ಣು ಮಗು. ಎರಡೂವರೆ ಕಿಲೋ ಇತ್ತು.

ಫರ್ಹೀನ್ ಉಳಿದಳು. ಕಣ್ಣು ಬಿಟ್ಟಾಗ ಅವಳು ಮೊದಲು ಕೇಳಿದ್ದು ಅಮ್ಮಿ ಎಲ್ಲಿ ಎಂದು.

ಆ ಎರಡು ದಿನಕ್ಕೂ ಮಗು ಹೋದದ್ದಕ್ಕೂ ಸಂಬಂಧವಿತ್ತೆ ಎಂದು ನಾನು ತಿಂಗಳುಗಟ್ಟಲೆ ಓದಿದೆ, ಪರಿಚಯದ ಇಬ್ಬರು ಡಾಕ್ಟರರನ್ನೂ ಕೇಳಿದೆ. ಒಬ್ಬರು ಇರಬಹುದು ಅಂದರು, ಒಬ್ಬರು ಹೇಳಲಾಗದು ಅಂದರು. ಅದು ಸೋಮವಾರ ಬೆಳಿಗ್ಗೆಯೇ ಹೋಗಿದ್ದಿರಬಹುದು, ಅಂದು ಗೊತ್ತುಮಾಡಿದ್ದ ಆಪರೇಷನ್ನಿನ ಹೊತ್ತಿಗೂ ಮೊದಲು. ಲ್ಯಾಬಿನಲ್ಲಾದರೆ ಅದೇ ಪ್ರಯೋಗವನ್ನು ಇನ್ನೊಮ್ಮೆ ಮಾಡಿ, ಒಂದು ಅಂಶವನ್ನು ಮಾತ್ರ ಬದಲಿಸಿ ನೋಡುತ್ತೇವೆ. ಈ ಭಾನುವಾರ ನನಗೆ ಇನ್ನೊಮ್ಮೆ ಸಿಗುವುದಿಲ್ಲ.

ಪಾಸ್‌ಪೋರ್ಟ್ ಬರಲು ಏಳು ವಾರ ಹಿಡಿಯಿತು. ಅದು ಕೈಗೆ ಬಂದ ದಿನ ಮಧ್ಯಾಹ್ನ ನಾನು ಅರ್ಜಿ ಹಾಕಿದೆ. ಹತ್ತು ನಿಮಿಷದ ಕೆಲಸ. ಸಂಜೆ ಕಾಫಿ ಕುಡಿಯುವ ಹೊತ್ತಿಗೆ ಅನುಮತಿ ಇ-ಮೇಲಿನಲ್ಲಿ ಬಂದಿತ್ತು. ಪ್ರಿಂಟ್ ತೆಗೆಸಿಕೊಂಡು ಅವರ ಮನೆಗೆ ಹೋದೆ.

ಖಾಲಾ ಮಗಳಿಗೆ ಫೋನ್ ಹಚ್ಚಲು ಹೇಳಿ, ಸ್ಪೀಕರಿಗೆ ಹಾಕಿಸಿದರು. ಪಾಸ್‌ಪೋರ್ಟಿಲ್ಲದ ಸಂಗತಿಯನ್ನು ಆಸ್ಪತ್ರೆಯಲ್ಲೇ ಉಮೈರನಿಂದ ತಿಳಿದಿದ್ದ ಫರ್ಹೀನ್ ಈ ಏಳು ವಾರಗಳಲ್ಲಿ ತಾಯಿಯ ಜೊತೆ ಊಟ, ಔಷಧಿಯ ವಿಷಯ ಬಿಟ್ಟು ಬೇರೆ ಮಾತಾಡಿರಲಿಲ್ಲ. ನನ್ನ ಫೋನುಗಳನ್ನು ಎತ್ತಿರಲಿಲ್ಲ. ಅಳುವುದೂ ಇಲ್ಲ, ಸುಮ್ಮನೆ ಕಿಟಕಿಯ ಹತ್ತಿರ ಕೂರುತ್ತಾಳೆ ಎಂದು ಉಮೈರ್ ಹೇಳಿದ್ದ. ಅನುಮತಿ ಬಂತು ಮಗಳೇ, ಬರಲಾ ಎಂದು ಖಾಲಾ ಉರ್ದುವಿನಲ್ಲಿ ಕೇಳಿದರು. ನಾನು ಅಲ್ಲಿದ್ದೇನೆಯೇ ಎಂದು ಅವಳು ಕೇಳಿದಳು. ಇದ್ದಾಳೆ ಎಂದರು ಖಾಲಾ. ಆಗ ಅವಳು ಕನ್ನಡಕ್ಕೆ ಬಂದಳು.

"ಭಾನುವಾರ ನಾನು ಫೋನ್ ಮಾಡಿದಾಗ ನಿನಗೆ ಗೊತ್ತಿತ್ತಾ, ಅಮ್ಮಿ ಬರಲ್ಲ ಅಂತ?"

"ಗೊತ್ತಿತ್ತು."

"ಅಂಟಿನುಂಡೆ ಮಾಡವ್ರೆ ಅಂದೆಯಲ್ಲೇ."

ಖಾಲಾ ಫೋನಿನ ಕಡೆಗೆ ಬಾಗಿದರು. ಏನು ಹೇಳಲು ಹೊರಟರೆಂದು ನನಗೆ ತಿಳಿಯಿತು. ಹೇಳಬೇಡ ಅಂದದ್ದು ನಾನು ಎಂಬ ಮಾತು ಅವರ ತುಟಿಯ ಮೇಲಿತ್ತು. ನಾನು ಅವರ ಮಣಿಕಟ್ಟು ಹಿಡಿದು ಬೇಡವೆಂದು ತಲೆಯಾಡಿಸಿದೆ. ಶುಕ್ರವಾರದ ಮಾತು ಅವರದು. ಭಾನುವಾರದ ಮೌನ ನನ್ನದೇ. ಫರ್ಹೀನಳ ಮನೆಯೊಳಗೆ ಈಗ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಜಾಗವಿರಬೇಕಿತ್ತು.

"ಅಮ್ಮಿ, ನೀನು ಬಾ" ಅಂದಳು ಫರ್ಹೀನ್. ಮತ್ತೆ, ನನ್ನ ಹೆಸರು ಹಿಡಿಯದೆ, "ಅವ್ಳ್ಗೆ ಹೇಳು, ಇನ್ನು ನನಗೆ ಫೋನ್ ಮಾಡೋದ್ ಬೇಡ."

ಫೋನು ನಿಂತಿತು. ರಹೀಂ ಸಾಹೇಬರು ಎದ್ದು ಅಂಗಡಿಗೆ ಹೋದರು. ಖಾಲಾ ನನ್ನ ಕೈಯನ್ನು ಬಿಡದೆ ಅಳುತ್ತಿದ್ದರು. ನಾನು ಇನ್ನೊಂದು ಕೈಯಲ್ಲಿ ಕಾಗದ ಬಿಡಿಸಿ, ಇಳಿದ ಮೇಲೆ ಯಾವ ಸಾಲಿನಲ್ಲಿ ನಿಲ್ಲಬೇಕು, ಇದನ್ನು ಯಾವಾಗ ತೋರಿಸಬೇಕು ಎಂದು ವಿವರಿಸಿದೆ. ಯಾಕೆ ಬಂದಿರಿ ಎಂದು ಕೇಳಿದರೆ ಮಗಳನ್ನು ನೋಡಲು ಅನ್ನಿ, ಅಷ್ಟೇ ಸಾಕು ಅಂದೆ.

ಅವರು ಹೋದ ಮೂರನೆಯ ದಿನ ನಾನು ಕಾಲೇಜಿಗೆ ಹೊರಟಾಗ ರಹೀಂ ಸಾಹೇಬರು ಅಂಗಡಿಯಿಂದ ಕೈಬೀಸಿ ಕರೆದರು. ಸುಖವಾಗಿ ತಲುಪಿದರಂತೆ. ಬಾಗಿಲಲ್ಲಿ ತಾಯಿಯನ್ನು ಕಂಡದ್ದೇ ಫರ್ಹೀನ್ ಅತ್ತಳಂತೆ, ಆ ಇಡೀ ದಿನ ಅತ್ತಳಂತೆ, ಈಗ ತಾಯಿಯ ತೊಡೆಯ ಮೇಲೆ ಮಲಗಿದ್ದಾಳಂತೆ. ನನ್ನನ್ನೇನಾದರೂ ಕೇಳಿದಳೇ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.