ಬೆಲ್ಲ ಕೊಡುವ ಮೊದಲು

ಪ್ರಾಣಿಗಳು ಊರೂರು ತಿರುಗುತ್ತಿದ್ದ ಕಾಲದಲ್ಲಿ, ದಾರಿ ಕವಲಾಗುವಲ್ಲಿ ಒಂದು ನರಿ ಕೂತಿರುತ್ತಿತ್ತಂತೆ. ಯಾವ ಊರಿಗೆ ದಾರಿ ಕೇಳಿದರೂ ಹೊಳೆ ದಾಟಿ ಹೋಗಿ ಎನ್ನುತ್ತಿತ್ತು. ದೋಣಿ ನಡೆಸುವ ಆಮೆ ದಾಟಿಸಿದ ಪ್ರತಿ ತಲೆಗೆ ಒಂದು ಮೀನನ್ನು ನರಿಗೆ ಕೊಡುತ್ತಿತ್ತು. ನರಿ ಸುಳ್ಳು ಹೇಳುತ್ತಿರಲಿಲ್ಲ. ಹೊಳೆ ದಾಟಿದರೂ ಊರು ಸಿಗುತ್ತಿತ್ತು, ತಡವಾಗಿ. ಗುಡ್ಡದ ಬದಿಯ ಹತ್ತಿರದ ದಾರಿಯಲ್ಲಿ ಮಾತ್ರ ಹುಲ್ಲು ಬೆಳೆಯಿತು.

"ಮೀನಿನ ವಿಷಯ ಯಾರೂ ಕೇಳ್ಲಿಲ್ವಾ ಅಜ್ಜಿ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ಕೇಳ್ಲಿಕ್ಕೆ ನಾಚಿಕೆ ಮಗಾ. ಅಷ್ಟು ಚಂದ ಮಾತಾಡ್ತಿತ್ತು ಅದು."

ಅಮ್ಮ ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಅಜ್ಜಿ ಈ ಕಥೆಯನ್ನು ಮತ್ತೆ ತೆಗೆದಳು. ಬಂಗಾಳಿಗಳ ಈ ನಗರದಲ್ಲಿ, ಲೇಕ್ ಮಾರ್ಕೆಟ್ ಬಳಿಯ ನಮ್ಮ ಬಾಡಿಗೆ ಮನೆಯನ್ನು ಎರಡು ವರ್ಷದಲ್ಲಿ ಮಾರುವುದಾಗಿ ಮಾಲೀಕ ಹೇಳಿದ್ದ. ಅದನ್ನು ಕೊಳ್ಳಬೇಕೆಂಬುದು ಅಮ್ಮನ ಆಸೆ. ಆದರೆ ನಿವೃತ್ತಿಯ ಹಣವನ್ನೆಲ್ಲ ಹದಿನೈದು ವರ್ಷದ ವಿಮಾ ಯೋಜನೆಯಲ್ಲಿ ಹಾಕುವಂತೆ ರತ್ನಾಕರ ಮಾವ ಸಲಹೆ ಕೊಟ್ಟಿದ್ದರು. ಮನೆಗೆ ಬೇಕಾದರೆ ಅದರ ಮೇಲೆ ಸಾಲ ಸಿಗುತ್ತದಂತೆ.

ಮಾವ ಉಡುಪಿಯವರು, ಇಲ್ಲಿನ ಸದರ್ನ್ ಅವೆನ್ಯೂನಲ್ಲಿ ವಿಮೆ ಮಾಡಿಸುವ ಆಫೀಸು. ರಕ್ತಸಂಬಂಧವಿಲ್ಲ. ಅಪ್ಪ ತೀರಿಕೊಂಡ ದಿನ ಆಸ್ಪತ್ರೆಗೂ ಸ್ಮಶಾನದ ಘಾಟಿಗೂ ಓಡಾಡಿದವರು ಅವರೇ. ಅಂಥವರ ಹತ್ತಿರ ನಿಮಗೆಷ್ಟು ಕಮಿಷನ್ ಎಂದು ಕೇಳುವುದು ಅಮ್ಮನಿಂದ ಆಗದ ಕೆಲಸ.

"ಸಹಿ ಹಾಕುವ ಮೊದಲು ನೀನೇ ಕೇಳು ಕ್ಷಮಾ," ಎಂದು ಅಜ್ಜಿ ಕೈಮೇಲೆ ಕೈ ಹಾಕಿಸಿಕೊಂಡು ಮಾತು ತೆಗೆದುಕೊಂಡಳು. "ನಾನು ಕೇಳಿದ್ರೆ ಮುದುಕಿಗೆ ಅರಳುಮರಳು ಅಂತಾರೆ. ಬೆಲ್ಲ ಕೊಡುವ ಮೊದಲು ಕೇಳು, ಆಮೇಲೆ ಬೇಡ."

ಮನೆಗೆ ಬಂದವರಿಗೆ ನಾವು ಈಗಲೂ ಮೊದಲು ನೀರು, ಬೆಲ್ಲ ಕೊಡುತ್ತೇವೆ. ಬೆಲ್ಲ ಬಾಯಿಗೆ ಹಾಕಿದವರ ಗಳಿಕೆಯ ಬಗ್ಗೆ ವಿಚಾರಿಸಬಾರದು ಎನ್ನುವುದು ಅಜ್ಜಿಯ ಕಟ್ಟಳೆ.

ಮುಂದಿನ ಸಲ ಮಾವ ಸಾಂಬಾರು ಸೌತೆ ಹಿಡಿದುಕೊಂಡು ಬಂದರು. ನಾನು ಹೊರಗೆ ಬರುವಷ್ಟರಲ್ಲಿ ಅಮ್ಮ ಬೆಲ್ಲ ಕೊಟ್ಟಾಗಿತ್ತು. ಅದರ ಮುಂದಿನ ಸಲ ತಟ್ಟೆ ನನ್ನ ಕೈಯಲ್ಲೇ ಇತ್ತು. ಅವರು ಅಪ್ಪನ ಹಳೆಯ ಸುದ್ದಿ ಎತ್ತಿದರು, ನಾನು ಕೇಳುತ್ತಾ ಕೇಳುತ್ತಾ ತಟ್ಟೆ ಇಟ್ಟುಬಿಟ್ಟೆ.

"ಬಾಯಲ್ಲಿ ರಸಗುಲ್ಲ ಇತ್ತಾ ನಿಂಗೆ?" ಎಂದಳು ಅಜ್ಜಿ.

ಸಹಿಯ ದಿನ ನಾನು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ.

"ಎಂತ ಮಾರಾಯ್ತಿ, ಬೆಲ್ಲಕ್ಕೂ ರೇಷನ್ನಾ?" ಮಾವ ನಕ್ಕರು.

"ಕೊಡ್ತೇನೆ ಮಾವ. ಅಮ್ಮ ಇದಕ್ಕೆ ಸಹಿ ಹಾಕಿದ್ರೆ ನಿಮಗೆ ಎಂತ ಸಿಗ್ತದೆ?"

"ಕ್ಷಮಾ," ಎಂದಳು ಅಮ್ಮ. ಕೌಂಟರಿನಲ್ಲಿ ಗದ್ದಲ ಮಾಡುವವರನ್ನು ಸುಮ್ಮನಾಗಿಸುತ್ತಿದ್ದ ದನಿ ಅದು. ನಾನು ತಟ್ಟೆ ಇಡಲಿಲ್ಲ.

ಮಾವ ಕನ್ನಡಕ ತೆಗೆದು ಒರೆಸಿದರು. "ಕಮಿಷನ್ ಉಂಟು. ಮೊದಲ ವರ್ಷ ಜಾಸ್ತಿ. ಎಫ್‌ಡಿ ಇಡಿಸಿದ್ರೆ ಎಂತದೂ ಇಲ್ಲ. ನಾನು ಮುಚ್ಚಿಟ್ಟದ್ದಲ್ಲ, ಅಕ್ಕ ಕೇಳ್ಲಿಲ್ಲ."

"ನೀನು ಹೇಳ್ಲೂ ಇಲ್ಲ ರತ್ನಾಕರ," ಎಂದಳು ಅಮ್ಮ.

ಕೆಳಗೆ ರಸ್ತೆಯಲ್ಲಿ ಹೂವಿನವನು ಯಾರ ಜೊತೆಗೋ ಚೌಕಾಸಿಗೆ ಇಳಿದಿದ್ದ. ಮಾವ ನಮ್ಮ ಗೋಡೆಗಳನ್ನು ಹೊಸದಾಗಿ ನೋಡುವಂತೆ ನೋಡಿದರು. ನರಿಯ ಮುಖ ಹೇಗಿರಬಹುದೆಂದು ಎಷ್ಟೋ ಸಲ ಊಹಿಸಿದ್ದೆ. ಇವರ ಮುಖ ಹಾಗಿರಲಿಲ್ಲ. ಅಪ್ಪನನ್ನು ಹೊತ್ತ ದಿನದಂತೆಯೇ ದಣಿದಿತ್ತು.

"ಕಮಿಷನ್ ಇಲ್ಲದಿದ್ರೆ ಎಂತ ಹೇಳ್ತಿದ್ದೆ ನೀನು?" ಅಮ್ಮ ಕೇಳಿದಳು.

ಅವರು ಕಾಗದಗಳನ್ನು ತಮ್ಮ ಕಡೆ ಎಳೆದುಕೊಂಡರು. "ಮನೆ ತಗೊಳ್ಳುದಾದ್ರೆ... ದುಡ್ಡು ಬ್ಯಾಂಕಲ್ಲೇ ಇರ್ಲಿ ಅಕ್ಕ."

ಅಮ್ಮ ಪೆನ್ನಿನ ಮುಚ್ಚಳ ಹಾಕಿದಳು. "ಸಲಹೆಗೆ ಫೀಸ್ ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?"

"ಅಕ್ಕನ ಹತ್ರ ಫೀಸ್ ಕೇಳುದಾ? ನಾಚಿಕೆ ಆಗ್ತದೆ."

ಅಮ್ಮ ಅವರ ಮುಖವನ್ನೇ ನೋಡಿದಳು. "ನಂಗೂ ಅದೇ ಆದದ್ದು."

ಒಳಗಿನ ಕೋಣೆಯಿಂದ ಅಜ್ಜಿಯ ಕೆಮ್ಮು ಕೇಳಿಸಿತು. "ಕ್ಷಮಾ, ಬಂದವರಿಗೆ ಬೆಲ್ಲ ಕೊಟ್ಟಾಯ್ತಾ?"

ಬೆಲ್ಲ ಅಂಚಿನಲ್ಲಿ ಕರಗತೊಡಗಿತ್ತು. ನಾನು ತಟ್ಟೆಯನ್ನು ಮಾವನ ಮುಂದಿಟ್ಟೆ.

"ಈಗ ಕೊಟ್ಟೆ ಅಜ್ಜಿ."