ಬಿಳಿ ಗೋಡೆಯ ಧೂಳು

“ಧೂಳೇ,” ಎಂದ ಅವನು, ಕಳ್ಳನನ್ನು ಕೈಯಾರೆ ಹಿಡಿದವನ ಸಮಾಧಾನದಲ್ಲಿ. ಗೋಡೆಯ ಫೋಟೊ ಮತ್ತೊಂದು ತೆಗೆದು ಕ್ಯಾಮೆರಾದ ಪುಟ್ಟ ಪರದೆಯನ್ನು ಮೂಗಿನ ಹತ್ತಿರ ತಂದುಕೊಂಡ. ಮಚ್ಚೆ ಅಲ್ಲೇ ಇತ್ತು, ನಟ್ಟನಡುವೆ, ಮಸಿಯ ಬೆರಳು ಒತ್ತಿ ಅರ್ಧ ಒರೆಸಿದ ಹಾಗೆ. ಎಲ್ಲ ಫೋಟೊಗಳಲ್ಲೂ ಒಂದೇ ಜಾಗದಲ್ಲಿ ಕೂತರೆ ಅದು ಕ್ಯಾಮೆರಾದ ಒಳಗಿನ ಧೂಳು. ಈ ಒಂದು ಪರೀಕ್ಷೆಗೆಂದೇ ಅಂಗಡಿಯ ಹಿಂಗೋಡೆಗೆ ಅವನು ವರ್ಷ ವರ್ಷ ಬಿಳಿ ಬಳಿಯುತ್ತಿದ್ದ. ಅಲ್ಲೊಂದು ಮೊಳೆ ಹೊಡೆಯಲು ಹೆಂಡತಿಗೆ ಅಪ್ಪಣೆ ಇರಲಿಲ್ಲ. ಕ್ಯಾಲೆಂಡರು, ಪಾಪ, ಬಾಗಿಲ ಹಿಂದೆ ನೇತಾಡುತ್ತಿತ್ತು; ತಾರೀಕು ಬೇಕಾದವರು ಬಾಗಿಲು ಮುಚ್ಚಿಕೊಂಡು ನೋಡಬೇಕಿತ್ತು.

ಬೀದಿಯವರಿಗೆಲ್ಲ ಅವನು ಕೊಳವೆ ಮಾವ. ಫೋನು ಬಂದ ಮೇಲೆ ಜನ ಡ್ರಾಯರಿನಲ್ಲಿ ಹಾಕಿ ಮರೆತ, ಅಂಗೈಯಗಲದ ಹಳೇ ಡಿಜಿಟಲ್ ಕ್ಯಾಮೆರಾಗಳಿಗೆ ಅವನು ಇಲ್ಲದ ಅಂಗ ಕೂಡಿಸುತ್ತಿದ್ದ. ನೀರಿನ ಪೈಪು ಕೊಯ್ದು, ಉಜ್ಜಿ, ಲೆನ್ಸಿನ ಮುಂದೆ ಕೊಳವೆ ಕೂರಿಸಿ, ಅದರ ತುದಿಗೆ ಇನ್ನಾವುದೋ ಕ್ಯಾಮೆರಾದ ಗಾಜು ಸಿಕ್ಕಿಸಿದನೆಂದರೆ ಇರುವೆಯ ಮೀಸೆಯೂ ಎಣಿಸುವಂತೆ ಕಾಣುತ್ತಿತ್ತು. ಶಾಂಪೂ ಬಾಟಲಿ ಕತ್ತರಿಸಿ ಫ್ಲ್ಯಾಶಿಗೆ ಮುಸುಕು ಮಾಡುತ್ತಿದ್ದ. ಬಾಗಿಲ ಬಳಿ ಹೊಲಿಗೆ ಯಂತ್ರ ಹಾಕಿಕೊಂಡ ಹೆಂಡತಿ ಹರಿದ ಕೊಡೆಗಳ ಬಟ್ಟೆಯಲ್ಲಿ ಚೀಲ ಹೊಲಿಯುತ್ತಿದ್ದಳು, ಪರದೆಯ ಮೇಲೆ ಬಿಸಿಲು ಬೀಳದ ಹಾಗೆ ಕಪ್ಪು ಟೋಪಿ ಹೊಲಿಯುತ್ತಿದ್ದಳು. ಅವನದು ಬಲಗಣ್ಣೊಂದರ ದುಡಿಮೆ. ಕೆಲಸ ಕಲಿಯುವ ವಯಸ್ಸಿನಲ್ಲಿ ಸ್ಪ್ರಿಂಗೊಂದು ಸಿಡಿದು ಎಡಗಣ್ಣು ಹೋಗಿತ್ತು. ಬೆಳಕು, ಕತ್ತಲೆ ಬಿಟ್ಟರೆ ಅದಕ್ಕೆ ಬೇರೇನೂ ಗೊತ್ತಾಗುತ್ತಿರಲಿಲ್ಲ. ಯಾರಾದರೂ ಮರುಕ ತೋರಿಸಲು ಬಂದರೆ, ಕ್ಯಾಮೆರಾಗೂ ಒಂದೇ ಕಣ್ಣಲ್ಲವೇ ಎಂದು ನಕ್ಕುಬಿಡುತ್ತಿದ್ದ.

ಮೇಜಿನ ಮೇಲಿದ್ದದ್ದು ಹುಳದ ಮೇಡಂನ ಕ್ಯಾಮೆರಾ. ಆಕೆ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಉಳಿದ ಹೊತ್ತೆಲ್ಲ ಕಣಜದ ಹುಳಗಳ ರೆಕ್ಕೆಯ ಫೋಟೊ ತೆಗೆದು ಅಳೆಯುತ್ತಾರೆ. ಮೊದಲ ರೆಕ್ಕೆಯನ್ನು ಯಾವ ಕ್ಯಾಮೆರಾದಲ್ಲಿ, ಯಾವ ಕೊಳವೆಯಲ್ಲಿ ತೆಗೆದರೋ ಕೊನೆಯದನ್ನೂ ಅದರಲ್ಲೇ ತೆಗೆಯಬೇಕು, ಇಲ್ಲವಾದರೆ ಅಳತೆಗೆ ಅಳತೆ ಕೂಡುವುದಿಲ್ಲ ಎಂದು ಬಂದಾಗಲೆಲ್ಲ ಹೇಳುತ್ತಿದ್ದರು. ಆ ಮಾದರಿ ಈಗ ಯಾರೂ ಮಾಡುವುದಿಲ್ಲ, ಬಿಡಿಭಾಗವೂ ಸಿಗುವುದಿಲ್ಲ. ಬೆಳಿಗ್ಗೆ ಆಕೆ ಬಂದದ್ದು ಫ್ಲ್ಯಾಶಿನ ಮುಸುಕು ಕಿತ್ತುಬಂದಿದೆ, ಅಂಟಿಸಿಕೊಡಿ ಎಂದು ಮಾತ್ರ. ಸಂಜೆ ಬರುತ್ತೇನೆ, ಇದೊಂದನ್ನು ಜೋಪಾನ ಮಾಡಿ ಮಾವ ಎಂದು ಹೋಗಿದ್ದರು.

ಮುಸುಕು ಅಂಟಿಸಿ ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಆಗುತ್ತಿತ್ತು. ಆದರೆ ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚು ಮಾಡದಿದ್ದರೆ ಅವನಿಗೆ ಊಟ ಸೇರದು. ಗೋಡೆಗೆ ಹಿಡಿದು ನೋಡಿದ, ಮಚ್ಚೆ ಕಂಡಿತು. ಇಂಥ ಮಚ್ಚೆ ಇಟ್ಟುಕೊಂಡು ಆ ಹೆಣ್ಣುಮಗಳು ರೆಕ್ಕೆ ಹೇಗೆ ಅಳೆಯುತ್ತಾಳೋ ಎಂದು ಕನಿಕರಪಡುತ್ತ ಸ್ಕ್ರೂ ಬಿಚ್ಚಿದ.

ಒಳಗಿನ ಗಾಜನ್ನು ನಾಜೂಕಾಗಿ ಒರೆಸಿ, ಹೊರಕವಚ ಮೇಲಿಟ್ಟು ಗೋಡೆಯ ಫೋಟೊ ತೆಗೆದ. ಮಚ್ಚೆ ಹಾಗೇ ಇತ್ತು. ಮತ್ತೆ ಬಿಚ್ಚಿ ಒರೆಸಿದ. ಪರದೆಯ ಮೂಲೆ ನೋಡಿದರೆ ಅಲ್ಲೂ ಒಂದು ಮಚ್ಚೆ. ಇನ್ನೊಂದು ಮೂಲೆಯಲ್ಲೂ ಇತ್ತು. ಒಂದಲ್ಲ, ಸಂಸಾರವನ್ನೇ ಹೂಡಿದೆ ಎಂದು ಹೆಂಡತಿಗೆ ಹೇಳಿದ. ಅವಳು ನಗಲಿಲ್ಲ, ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಅವನನ್ನೇ ನೋಡುತ್ತಿದ್ದಳು. ಅವನು ಮತ್ತೊಮ್ಮೆ ಬಿಚ್ಚಿದ. ಈ ಸಲ ಪಟ್ಟಿಯಂಥ ತೆಳ್ಳನೆಯ ವೈರನ್ನು ಅದರ ಸೀಳಿನೊಳಗೆ ಕೂರಿಸುವಾಗ ಸೀಳು ಸರಿಯಾಗಿ ಕಾಣಲಿಲ್ಲ. ಸಾವಿರ ಸಲ ಮಾಡಿದ ಕೆಲಸ, ಕೈಗೇ ಗೊತ್ತು ಎಂದು ಅಂದಾಜಿನಲ್ಲಿ ಒತ್ತಿದ. ಚಿಟಿಕೆ ಹಾಕಿದಷ್ಟು ಸಣ್ಣ ಸದ್ದಾಯಿತು.

ಆಮೇಲೆ ಗುಂಡಿ ಒತ್ತಿದರೆ ಲೆನ್ಸು ಹೊರಗೆ ಬರಲಿಲ್ಲ, ಪರದೆಯೂ ಬೆಳಗಲಿಲ್ಲ. ಇಷ್ಟು ವರ್ಷದಲ್ಲಿ ಸತ್ತದ್ದು ಬದುಕದೇ ಹೋಗಿರಬಹುದು, ಬದುಕಿದ್ದನ್ನು ಅವನು ಸಾಯಿಸಿರಲಿಲ್ಲ.

ಕೊಳವೆಯನ್ನು ಸದ್ಯಕ್ಕೆ ತನ್ನದೇ ಹಳೇ ಕ್ಯಾಮೆರಾಗೆ ಹಾಕಿಕೊಟ್ಟರೆ ಹೇಗೆ ಎಂದು ಆ ಕ್ಯಾಮೆರಾ ತೆಗೆದು ಗೋಡೆಗೆ ಹಿಡಿದ. ಅದರಲ್ಲೂ ನಡುವೆ ಮಚ್ಚೆ. ಡ್ರಾಯರಿನಿಂದ ಇನ್ನೊಂದು ತೆಗೆದ. ಅದರಲ್ಲೂ ಇತ್ತು. ಸಿಟ್ಟು ನೆತ್ತಿಗೇರಿತು.

“ಗೋಡೆಗೆ ಏನು ಮೆತ್ತಿದ್ದೀಯೇ?”

“ನಾನ್ಯಾಕೆ ಮೆತ್ತಲಿ? ಗೋಡೆ ಚೆನ್ನಾಗೇ ಇದೆಯಲ್ರೀ.”

ಅವನು ಒದ್ದೆ ಬಟ್ಟೆ ಹಿಡಿದು ಹೋಗಿ ಗೋಡೆ ಉಜ್ಜತೊಡಗಿದ. ಅಲ್ಲೇ ಕಾಣುತ್ತಿತ್ತಲ್ಲ, ಬೂದುಬಣ್ಣದ್ದು, ಅಂಚು ಅಲುಗುವಂಥದ್ದು. ಬಟ್ಟೆ ಮೇಲಕ್ಕೆ ಹೋದರೆ ಮಚ್ಚೆ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂದರೆ ಕೆಳಕ್ಕೆ ಬಂತು. ತಲೆಯೆತ್ತಿ ಸೂರು ನೋಡಿದ, ಸೂರಿನಲ್ಲಿತ್ತು. ತನ್ನ ಅಂಗೈ ನೋಡಿಕೊಂಡ, ಅಂಗೈಯಲ್ಲಿತ್ತು. ಬಲಗಣ್ಣು ಮುಚ್ಚಿದ, ಆಗ ಮಚ್ಚೆಯೂ ಗೋಡೆಯೂ ಹೋಗಿ ಎಡಗಣ್ಣಿನ ಬರೀ ಬೆಳಕು ಉಳಿಯಿತು. ಕ್ಯಾಮೆರಾದಲ್ಲಿ ಧೂಳಿರಲಿಲ್ಲ. ಅವನಿಗಿದ್ದ ಒಂದು ಕಣ್ಣಿನ ನಡುವೆಯೇ ಕತ್ತಲೆ ಕೂತಿತ್ತು. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವನ ಕಾಲ ಮೇಲೆ ಬೀಳುತ್ತಿತ್ತು.

ಹೆಂಡತಿ ಬಂದು ಬಟ್ಟೆ ತೆಗೆದುಕೊಂಡಳು. ಎಷ್ಟು ದಿನದಿಂದ ಎಂದು ಅವನನ್ನು ಕೇಳಲಿಲ್ಲ, ಅವಳಿಗೇ ಗೊತ್ತಿತ್ತು. ಅವನು ಚಹಾವನ್ನು ಲೋಟದ ಪಕ್ಕ ಬಗ್ಗಿಸಿದ್ದನ್ನು ಒರೆಸಿದವಳು ಅವಳೇ. ಪೇಪರಿನಲ್ಲಿ ಅಕ್ಷರ ಬಿಟ್ಟುಹೋಗಿವೆ, ಅಚ್ಚು ಹಾಕುವವರು ಕತ್ತೆ ಕಾಯುತ್ತಿದ್ದರೋ ಎಂದು ಅವನು ಬೈದಾಗ ತಾನೂ ಪೇಪರು ನೋಡಿದ್ದಳು, ಅಕ್ಷರಗಳೆಲ್ಲ ಇದ್ದವು. ಹೇಳಿದರೆ ಹಾರಿಬೀಳುತ್ತಾನೆಂದು ಸುಮ್ಮನಿದ್ದಳು. ಹಾಗೆ ಸುಮ್ಮನಿದ್ದದ್ದಕ್ಕೆ ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದಳು.

“ಅಮ್ಮನಿಗೂ ಇದೇ ಆಗಿತ್ತು,” ಎಂದ ಅವನು. “ನಡುವಿನ ನೋಟ ಹೋದರೆ ಮತ್ತೆ ಬರಲ್ಲ ಅಂದಿದ್ರು ಡಾಕ್ಟ್ರು.”

ಅವನಮ್ಮ ಕೊನೆಗಾಲದಲ್ಲಿ ಎದುರಿಗೆ ಕೂತವರ ಕಿವಿ ನೋಡಿಕೊಂಡು ಮಾತಾಡುತ್ತಿದ್ದಳು. ಅಜ್ಜಿ ಕಿವಿಯ ಜೊತೆ ಮಾತಾಡುತ್ತಾಳೆ ಎಂದು ಮನೆಯ ಮಕ್ಕಳು ನಗುತ್ತಿದ್ದರು. ಸೊಸೆಗೆ ಮಾತ್ರ ನಗು ಬರುತ್ತಿರಲಿಲ್ಲ. ನನ್ನ ಮುಖ ನೋಡುವುದಕ್ಕೂ ಅತ್ತೆಗೆ ಮನಸ್ಸಿಲ್ಲ ಎಂದು ಆ ಮುದುಕಿ ಹೋಗುವ ತನಕ ಒಳಗೊಳಗೇ ಕುದಿದಿದ್ದಳು.

ಹೇಳಿದ ಹಾಗೆ ಸಂಜೆ ಮೇಡಂ ಬಂದರು. ಏನಾಯಿತು ಮಾವ, ರೆಡಿಯಾಯಿತಾ ಎಂದು ಕೇಳುತ್ತಲೇ ಸ್ಟೂಲಿನ ಮೇಲೆ ಕೂತರು. ಅವನು ಬಿಚ್ಚಿದ ಕ್ಯಾಮೆರಾವನ್ನು ಅವರ ಮುಂದಕ್ಕೆ ಸರಿಸಿದ. ಸುಳ್ಳು ಹೇಳಬಹುದಿತ್ತು, ಹಳೇ ಯಂತ್ರ, ಅದರ ಆಯಸ್ಸೇ ಅಷ್ಟು ಎಂದರೆ ಆಕೆ ನಂಬುತ್ತಿದ್ದರು. ನಾಲಿಗೆಯ ತುದಿಗೂ ಬಂದಿತ್ತು.

“ನಾನೇ ಹಾಳು ಮಾಡಿದೆ ಮೇಡಂ. ಧೂಳಿದೆ ಅಂತ ಬಿಚ್ಚಿದೆ. ಧೂಳಿರಲಿಲ್ಲ.”

ಆಕೆ ಕ್ಯಾಮೆರಾವನ್ನು ಎತ್ತಿಕೊಂಡು ಗುಂಡಿ ಒತ್ತಿದರು, ಬಿಟ್ಟು ಮತ್ತೆ ಒತ್ತಿದರು. ಬೈದಿದ್ದರೆ ಅವನು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಆಕೆ ಬೈಯಲಿಲ್ಲ. ರೆಕ್ಕೆಗಳ ಅಳತೆ ಅರ್ಧಕ್ಕೆ ಬಂದಿತ್ತು ಎಂದಷ್ಟೇ ಹೇಳಿ ಕೊಳವೆಯನ್ನು ತಿರುಗಿಸಿ ಬಿಡಿಸಿಕೊಂಡರು. ಅದು ಚೆನ್ನಾಗೇ ಇತ್ತು. ಒಳಗೆ ಅವನೇ ಬಳಿದ ಕಪ್ಪು ಬಣ್ಣ ಒಂದು ಚೂರೂ ಎದ್ದಿರಲಿಲ್ಲ.

“ಬೇರೆ ಕ್ಯಾಮೆರಾ ತಂದರೆ ಇದನ್ನ ಕೂರಿಸಿಕೊಡ್ತೀರಾ ಮಾವ? ಮೊದಲಿಂದ ಶುರು ಮಾಡ್ತೀನಿ.”

“ಇನ್ನು ನನ್ನ ಕೈಲಿ ಆಗಲ್ಲ ಮೇಡಂ.”

ಯಾಕೆ ಎಂದು ಆಕೆ ಕೇಳಲಿಲ್ಲ. ಬೇಜಾರಿನಲ್ಲಿ ಹೇಳುತ್ತಿದ್ದಾನೆ ಎಂದುಕೊಂಡಿರಬೇಕು. ಕೊಳವೆಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಸತ್ತ ಕ್ಯಾಮೆರಾವನ್ನು ಮೇಜಿನ ಮೇಲೇ ಬಿಟ್ಟಿದ್ದರು.

ಅವನು ಸ್ಕ್ರೂಗಳನ್ನು ಡಬ್ಬಿಗೆ ಹಾಕಲು ಹೋದ. ಬೆರಳಿಗೆ ಸಿಕ್ಕಿದ್ದನ್ನು ಹಾಕಿದ, ಸಿಗದವು ಉರುಳಿ ನೆಲಕ್ಕೆ ಬಿದ್ದವು. ಬಗ್ಗಿ ಹುಡುಕುವ ಮನಸ್ಸಾಗಲಿಲ್ಲ. ಈ ಕೈಗಳಿಗೆ ಇನ್ನೇನು ಹೇಳಿಕೊಡುವುದು ಎಂದು ಅನ್ನಿಸಿ ಅವನಿಗೆ ಅಳು ಒತ್ತಿಕೊಂಡು ಬಂತು.

ಹೆಂಡತಿ ಯಂತ್ರಕ್ಕೆ ಮುಸುಕು ಹಾಕಿ ಬಂದು ಮೇಡಂ ಕೂತಿದ್ದ ಸ್ಟೂಲಿನ ಮೇಲೆ, ಅವನೆದುರಿಗೆ, ಕೂತಳು. ಅವನು ಅವಳನ್ನು ನೋಡಿದ. ಕತ್ತಿತ್ತು, ಮೇಲೆ ಬೈತಲೆಯಿತ್ತು, ನಡುವೆ ಮುಖವಿರಲಿಲ್ಲ. ಗಾಬರಿಯಲ್ಲಿ ನೋಟವನ್ನು ತುಸು ಪಕ್ಕಕ್ಕೆ, ಅವಳ ಕಿವಿಯಾಚೆಯ ಬಿಳಿ ಗೋಡೆಗೆ, ಸರಿಸಿದ. ಮಚ್ಚೆ ಗೋಡೆಗೆ ಹೋಯಿತು. ಆಗ ಕಣ್ಣಂಚಿನಲ್ಲಿ ಅವಳ ಮುಖ ಮೂಡಿತು, ಮಸುಕುಮಸುಕಾಗಿ, ಆದರೆ ಅವಳದೇ. ಕೆನ್ನೆ ಒದ್ದೆಯಾಗಿತ್ತು. ಅಮ್ಮ ಯಾಕೆ ಎಲ್ಲರ ಕಿವಿ ನೋಡುತ್ತಿದ್ದಳೆಂದು ಅವನಿಗೆ ಗೊತ್ತಾಯಿತು.

ಅವನ ನೋಟ ತನ್ನ ಮೇಲಿಲ್ಲದ್ದು ಹೆಂಡತಿಗೆ ಕಂಡಿತು. ಪಾಪ, ಎಲ್ಲಿ ನೋಡಬೇಕೆಂದೂ ತಿಳಿಯುತ್ತಿಲ್ಲ ಎಂದುಕೊಂಡಳು. ಸ್ಟೂಲನ್ನು ಮೆಲ್ಲಗೆ ಎಳೆದುಕೊಂಡು, ಅವನು ನೋಡುತ್ತಿದ್ದ ಕಡೆಗೆ ಸರಿದು, ತನ್ನ ಮುಖವನ್ನು ಸರಿಯಾಗಿ ಅವನ ನೋಟದ ನೇರಕ್ಕೆ ತಂದಿಟ್ಟಳು.

“ಈಗ ಕಾಣ್ತೀನಾ?”

ಮಚ್ಚೆಯ ಹಿಂದೆ ಅವಳ ಮುಖ ಮತ್ತೆ ಮುಳುಗಿತು. ಅವನು ಕಣ್ಣು ಕದಲಿಸಲಿಲ್ಲ. ಹೂಂ ಎಂದ.